ಫ್ಲೋರೈಡ್ ಫಿಲ್ಟರ್ ಮತ್ತು ಇಳಕಲ್ ಕಡೆಯ ಬೋರ್ ನೀರು

ಪ್ರಾಜೆಕ್ಟ್ ಕಾಲ ಬಂತೆಂದರೆ ಬಾಗಲಕೋಟೆಯ ನಮ್ಮ ಪ್ರಯೋಗಾಲಯಕ್ಕೆ ಹೊಸ ಹೊಸ ಪುಡಿಗಳು ಬರುತ್ತವೆ. ಹುಣಸೆ ಬೀಜದ ಪುಡಿ, ಶೇಂಗಾ ಸಿಪ್ಪೆಯ ಇದ್ದಿಲು, ಜೋಳದ ದಂಟಿನ ಬೂದಿ, ಇಟ್ಟಿಗೆ ಚೂರು. ಇವೆಲ್ಲ ನೀರಿನಲ್ಲಿರುವ ಫ್ಲೋರೈಡ್ ತೆಗೆಯುತ್ತವೆ ಎಂದು ಹುಡುಗರು ಉತ್ಸಾಹದಿಂದ ತೋರಿಸುತ್ತಾರೆ. ಗ್ರಾಫ್ ಕೂಡ ಚೆನ್ನಾಗಿರುತ್ತದೆ. ನಾನು ಮೊದಲು ಕೇಳುವುದು ಇಷ್ಟೇ: ಯಾವ ನೀರಿನಲ್ಲಿ ಮಾಡಿದಿರಿ? ಹೆಚ್ಚಿನವರು ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಮಾಡಿರುತ್ತಾರೆ. ಕಲಿಯಲಿಕ್ಕೆ ಅಲ್ಲಿಂದ ಶುರು ಮಾಡುವುದು ತಪ್ಪಲ್ಲ. ಆದರೆ ಹುನಗುಂದ, ಇಳಕಲ್ ಕಡೆಯ ಬೋರ್ ನೀರು ಹಾಗಿರುವುದಿಲ್ಲ. ಅಲ್ಲಿ ಫ್ಲೋರೈಡ್ ಜೊತೆಗೆ ಬೇರೆ ಹತ್ತಾರು ಲವಣ ಇರುತ್ತವೆ. ಆ ಲವಣಗಳೇ ಫಿಲ್ಟರಿನ ಆಯುಷ್ಯ ತೀರ್ಮಾನಿಸುತ್ತವೆ.

ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. "ನೀರು ಕನ್ನಡಿ ಇದ್ದಂಗ ಅದಾವ್ರಿ ಸರ್, ಇದರಾಗ ಏನ್ ಇರತೈತ್ರಿ?" ಎಂದು ಹಳ್ಳಿಗಳಲ್ಲಿ ಅಕ್ಕಂದಿರು ಕೇಳುತ್ತಾರೆ. ಕೇಳುವುದು ಸಹಜ. ಕಣ್ಣಿಗೆ ಕಾಣುವ ಕೊಳೆಗೆ ನಾವೆಲ್ಲ ಹೆದರುತ್ತೇವೆ, ಇದಕ್ಕೆ ಹೆದರುವುದಿಲ್ಲ. ಕುದಿಸಿದರೆ ಹೋಗುತ್ತದೆ ಅಂದುಕೊಂಡವರೂ ಇದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಸಾಂದ್ರತೆ ಇನ್ನೂ ಸ್ವಲ್ಪ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್ ಎರಡಕ್ಕೂ ಇದು ಸಿಗುವುದಿಲ್ಲ. ಅವು ಕೊಳೆಗೆ, ಕ್ರಿಮಿಗೆ ಇರುವ ಸಾಧನಗಳು.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು. ಬೇರೆ ನೀರು ಸಿಗದೇ ಇದ್ದಾಗ ಮಾತ್ರ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಹಳದಿ, ಕಂದು ಗೆರೆ ಕಾಣುತ್ತವೆ. ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ, ಹಲ್ಲು ಒಸಡಿನ ಒಳಗೆ ರೂಪುಗೊಳ್ಳುವಾಗ ಆದ ಗಾಯ ಅದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣ, ಇನ್ನೂ ಹೆಚ್ಚು ವರ್ಷ ಆದರೆ ಬೆನ್ನು, ಮೊಣಕಾಲು, ಕುತ್ತಿಗೆ ಬಿಗಿಯುತ್ತವೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾಗಿದ್ದು 1937ರಲ್ಲಿ, ನೆಲ್ಲೂರು ಕಡೆಯಿಂದ. ಅಷ್ಟು ಹಳೆಯ ವಿಷಯ ಇದು.

ಇಳಕಲ್ ಎಂದರೆ ಸೀರೆಯ ಜೊತೆಗೆ ಕೆಂಪು ಗ್ರಾನೈಟ್ ಕೂಡ ನೆನಪಾಗುತ್ತದೆ, ಅಲ್ವಾ? ತೊಂದರೆಯ ಮೂಲ ಆ ಥರದ ಕಲ್ಲಿನಲ್ಲೇ ಇದೆ. ಗ್ರಾನೈಟ್‌ನಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿರುತ್ತವೆ. ನೀರು ಕಲ್ಲಿನ ಬಿರುಕಿನಲ್ಲಿ ಬಹಳ ಕಾಲ ನಿಂತಷ್ಟೂ ಅವುಗಳಿಂದ ಫ್ಲೋರೈಡ್ ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬೊನೇಟ್ ಎಂಬ ಲವಣಾಂಶ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ನೀರಿನ ಪರೀಕ್ಷೆ ಎಂದರೆ ಬೇಳೆ. ಯಾವ ಬೋರಿನ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೋ ಅದು ಒಳ್ಳೆಯ ನೀರು. ಬೇಳೆ ಬೇಗ ಬೇಯುವುದು ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ. ಗ್ರಾನೈಟ್ ಸೀಮೆಯಲ್ಲಿ ಅಂಥ ನೀರಿನಲ್ಲೇ ಫ್ಲೋರೈಡ್ ಇರುವ ಸಾಧ್ಯತೆ ಜಾಸ್ತಿ. ಹಾಗಾಗಿ ಆ ಸೀಮೆಯಲ್ಲಿ ಬೇಳೆಯನ್ನು ನಂಬಿ ಬೋರ್ ಆರಿಸಬೇಡಿ.

ಕೃಷ್ಣೆ ದಾಟಿ ವಿಜಯಪುರದ ಕಡೆ ಹೋದರೆ ಕಥೆ ಬೇರೆ. ಅಲ್ಲಿ ಬಹುಭಾಗ ಕಪ್ಪು ಬಸಾಲ್ಟ್ ಕಲ್ಲು, ಮೇಲೆ ಎರೆಮಣ್ಣು. ಗಡಸುತನ, ಸವಳು, ಕೆಲವು ಕಡೆ ನೈಟ್ರೇಟ್ ಹೆಚ್ಚು ಕಾಡುತ್ತವೆ. ಡೋಣಿ ದಂಡೆಯವರಿಗೆ ಸವಳು ನೀರಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಸಡಿಲಿಕೆಯೇ ಇಲ್ಲ. ಫ್ಲೋರೈಡ್ ಹಿಡಿಯುವ ಪುಡಿ ನೈಟ್ರೇಟ್ ಹಿಡಿಯುವುದಿಲ್ಲ. ಇಳಕಲ್‌ನ ಬೀಗರ ಮನೆಯಲ್ಲಿ ಕೆಲಸ ಮಾಡಿದ ಫಿಲ್ಟರ್ ಬಸವನ ಬಾಗೇವಾಡಿಯಲ್ಲಿ ಸುಮ್ನೆ ದುಡ್ಡು ದಂಡವಾಗಬಹುದು.

ಫ್ಲೋರೈಡ್‌ಗೆ ಹೆಚ್ಚು ಬಳಕೆಯಲ್ಲಿರುವುದು ಆ್ಯಕ್ಟಿವೇಟೆಡ್ ಅಲ್ಯೂಮಿನಾ. ಸಾಬೂದಾಣಿಯಂಥ ಬಿಳಿ ಹರಳು. ಅದರ ಮೈಮೇಲೆ ಧನ ವಿದ್ಯುದಂಶ ಇದ್ದಾಗ ಋಣ ಅಂಶದ ಫ್ಲೋರೈಡ್ ಬಂದು ಅಂಟಿಕೊಳ್ಳುತ್ತದೆ. ಇದು ಚೆನ್ನಾಗಿ ನಡೆಯುವುದು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ) 5ರಿಂದ 6ರ ನಡುವೆ ಇದ್ದಾಗ. ಪ್ರಯೋಗಾಲಯದಲ್ಲಿ ಎರಡು ಹನಿ ಆಮ್ಲ ಹಾಕಿ ಪಿಎಚ್ ಅಲ್ಲಿಗೆ ತರಬಹುದು. ನಮ್ಮ ಬೋರ್ ನೀರಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8.5. ಅಲ್ಲಿ ಅಲ್ಯೂಮಿನಾದ ಸೆಳೆತ ಕುಂದುತ್ತದೆ. ಮೇಲೆ ಬೈಕಾರ್ಬೊನೇಟ್ ಕೂಡ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಅಡುಗೆಮನೆಯಲ್ಲಿ ದಿನಾ ಆಮ್ಲ ಹಾಕಿ ನೀರು ಕುಡಿಯಿರಿ ಎಂದು ಯಾರಿಗೆ ಹೇಳಲಾಗುತ್ತದೆ?

ಇದರಿಂದ ಏನಾಗುತ್ತದೆ ನೋಡಿ. ಬೋರ್ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳೋಣ. ಕುಡಿಯಲು, ಅಡುಗೆಗೆ ಸೇರಿ ಮನೆಗೆ ದಿನಕ್ಕೆ 20 ಲೀಟರ್. 4 ಇದ್ದದ್ದು 1ಕ್ಕೆ ಬರಬೇಕಾದರೆ ದಿನಕ್ಕೆ 60 ಮಿಲಿಗ್ರಾಂ ತೆಗೆಯಬೇಕು. ಫಿಲ್ಟರಿನಲ್ಲಿ 3 ಕಿಲೋ ಅಲ್ಯೂಮಿನಾ ಇದೆ. ಕಿಲೋಗೆ 4,000 ಮಿಲಿಗ್ರಾಂ ಹಿಡಿಯುತ್ತದೆ ಎಂದು ನಂಬಿದರೆ 200 ದಿನ ಬರಬೇಕು. ನಿಜವಾದ ಬೋರ್ ನೀರಿನಲ್ಲಿ ಅದು 1,000ಕ್ಕೆ ಇಳಿದರೆ 50 ದಿನಕ್ಕೇ ಮುಗಿಯಿತು. ಮಿಕ್ಕ 150 ದಿನ ಆ ಮನೆಯವರು ಫಿಲ್ಟರ್ ನೀರು ಕುಡಿಯುತ್ತಿದ್ದೇವೆ ಎಂಬ ಧೈರ್ಯದಲ್ಲಿ ಫ್ಲೋರೈಡ್ ನೀರನ್ನೇ ಕುಡಿಯುತ್ತಾರೆ. ನನ್ನ ನಿದ್ದೆ ಕೆಡಿಸುವುದು ಈ 150 ದಿನ. ಫಿಲ್ಟರ್ ಮುಗಿದಿದೆ ಎಂದು ನೀರಿನ ರುಚಿ ಹೇಳುವುದಿಲ್ಲ, ಬಣ್ಣ ಹೇಳುವುದಿಲ್ಲ.

ಆದ್ದರಿಂದ ನಮ್ಮ ಕೆಲಸದ ಹೆಚ್ಚಿನ ಭಾಗ ಹೊಸ ಪುಡಿ ಹುಡುಕುವುದಲ್ಲ. ಊರಿನ ನೀರನ್ನೇ ಕ್ಯಾನ್‌ನಲ್ಲಿ ತಂದು, ಉದ್ದನೆಯ ಕೊಳವೆಯಲ್ಲಿ ಹರಳು ತುಂಬಿ, ಆ ನೀರನ್ನು ನಿಧಾನ ಹರಿಸುತ್ತಾ ಫ್ಲೋರೈಡ್ ಯಾವಾಗ ಕೆಳಗೆ ಸೋರಲು ಶುರುವಾಗುತ್ತದೆ ಎಂದು ನೋಡುವುದು. ಬೇಸರದ ಕೆಲಸ. ಆದರೆ ಒಂದು ಊರಿಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ. ಹರಿವಿನ ವೇಗ ಕೂಡ ಮುಖ್ಯ. ನೀರು ಹರಳಿನ ನಡುವೆ ಸಾಕಷ್ಟು ಹೊತ್ತು ಇರಬೇಕು. ಗಡಿಬಿಡಿಯಲ್ಲಿ ನಲ್ಲಿ ಪೂರ್ತಿ ತಿರುಗಿಸಿದರೆ ಫ್ಲೋರೈಡ್ ಅಂಟಿಕೊಳ್ಳುವ ಮೊದಲೇ ನೀರು ಕೊಡಕ್ಕೆ ಬಂದಿರುತ್ತದೆ.

ಮುಗಿದ ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮೇಲೆ ತೆಳು ಆಮ್ಲ ಹಾಕಿ ಮತ್ತೆ ಬಳಸಬಹುದು. ಪುಸ್ತಕದಲ್ಲಿ ಇದು ಒಂದು ಸಾಲು. ಊರಲ್ಲಿ ಕೈ ಸುಡುವ ರಾಸಾಯನಿಕವನ್ನು ಯಾರು ಹಿಡಿಯುತ್ತಾರೆ, ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತಾರೆ? ಆ ನೀರಿನಲ್ಲಿ ಅಷ್ಟೂ ದಿನ ಹಿಡಿದ ಫ್ಲೋರೈಡ್ ಒಟ್ಟಿಗೇ ಇರುತ್ತದೆ. ಹೊಲದ ಬದುವಿಗೆ ಚೆಲ್ಲುವಂಥದ್ದಲ್ಲ. ಮನೆಮನೆಗೆ ಫಿಲ್ಟರ್ ಹಂಚುವ ಯೋಜನೆಯಲ್ಲಿ ಇದಕ್ಕೆ ಒಬ್ಬ ಮನುಷ್ಯ, ಒಂದು ಜಾಗ, ಒಂದು ಖರ್ಚು ಬರೆದಿಲ್ಲದಿದ್ದರೆ ಆ ಯೋಜನೆಗೆ ನಾನು ಒಪ್ಪುವುದಿಲ್ಲ.

ಮೂಳೆಯ ಇದ್ದಿಲು ಒಳ್ಳೆಯ ಕೆಲಸ ಮಾಡುತ್ತದೆ, ಅಗ್ಗವೂ ಹೌದು. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಅಡುಗೆಮನೆ ಹೊಸ್ತಿಲು ದಾಟುವುದಿಲ್ಲ. ಅದನ್ನು ಗೌರವಿಸಬೇಕು. ಮೂಳೆಯಲ್ಲಿ ಕೆಲಸ ಮಾಡುವುದು ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಅದನ್ನು ಮೂಳೆ ಇಲ್ಲದೆಯೂ ತಯಾರಿಸಬಹುದು. ಆ ದಾರಿಯ ಸಂಶೋಧನೆ ನನಗೆ ಇಷ್ಟ.

ಆಲಂ (ಪಟಿಕ), ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸುವ ನಲಗೊಂಡ ವಿಧಾನ ನಮ್ಮ ದೇಶದ್ದೇ, ನಾಗಪುರದ ನೀರಿ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಸರಳ. ಆದರೆ ಆಲಂ ಪ್ರಮಾಣ ಬಹಳ ಬೇಕು, ಕೆಸರು ಬೀಳುತ್ತದೆ, ಸರಿಯಾಗಿ ಹಾಕದಿದ್ದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ದಿನಾ ಅಳತೆ ಮಾಡುವ ಕೈ ಇರುವಲ್ಲಿ ಮಾತ್ರ ಇದು ಆದೀತು.

ಈಗ ಊರೂರಿನಲ್ಲಿ ಇರುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ಘಟಕ, ಅಂದರೆ ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ಯಂತ್ರ. ಪೊರೆ ಸರಿಯಿದ್ದರೆ ಫ್ಲೋರೈಡ್, ನೈಟ್ರೇಟ್, ಸವಳು ಎಲ್ಲವನ್ನೂ ಬಹುಮಟ್ಟಿಗೆ ತಡೆಯುತ್ತದೆ. ನಾನು ಇದರ ವಿರೋಧಿಯಲ್ಲ. ಆದರೆ 50 ಲೀಟರ್ ಒಳಗೆ ಹೋಗಿ 20 ಲೀಟರ್ ಶುದ್ಧ ನೀರು ಬಂದರೆ 30 ಲೀಟರ್ ಹೊರಗೆ ಹೋಗುತ್ತದೆ. ಒಳಗೆ ಹೋದ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದ್ದರೆ ಹೊರಗೆ ಬಿಟ್ಟ ನೀರಿನಲ್ಲಿ 6 ದಾಟುತ್ತದೆ. ಆ ಪೈಪು ಎಷ್ಟೋ ಕಡೆ ಪಕ್ಕದ ಗಟಾರಕ್ಕೆ ಬಿಟ್ಟಿರುತ್ತದೆ. ದನಗಳು ಅಲ್ಲಿ ಕುಡಿಯುತ್ತವೆ. ಇಂಗಿದ ನೀರು ಅದೇ ಬೋರಿನತ್ತ ಹೋಗುತ್ತದೆ. ಘಟಕ ಕಟ್ಟುವ ಮುಂಚೆ ಆ ನೀರಿನ ದಾರಿ ತೀರ್ಮಾನವಾಗಬೇಕು. ಶೌಚಾಲಯ ತೊಳೆಯಲು, ಕಟ್ಟಡದ ಕ್ಯೂರಿಂಗ್‌ಗೆ ಕೊಡಬಹುದು. ಮೇವಿನ ತೊಟ್ಟಿಗೆ, ಬಾವಿ ಹತ್ತಿರ ಬೇಡ.

ಎಲ್ಲಕ್ಕಿಂತ ಒಳ್ಳೆಯ ದಾರಿ ಫ್ಲೋರೈಡ್ ಇಲ್ಲದ ನೀರು ತರುವುದು. ಬಹುಗ್ರಾಮ ಯೋಜನೆಗಳಿಂದ ಹೊಳೆ ನೀರು ಹಲವು ಹಳ್ಳಿಗೆ ಬಂದಿದೆ. ಪೈಪ್ ಒಡೆದಾಗ, ಹೊಳೆಯ ಪಂಪಿಗೆ ಕರೆಂಟ್ ಹೋದಾಗ ವಾಟರ್‌ಮನ್ ಬೋರ್ ಚಾಲೂ ಮಾಡುತ್ತಾನೆ. ಅವನ ತಪ್ಪಲ್ಲ, ಜನರಿಗೆ ನೀರು ಬೇಕು. ಅವನಿಗೆ ಒಂದು ಲೆಕ್ಕ ಹೇಳಿಕೊಡಬೇಕು. ಬೋರಿನಲ್ಲಿ 4, ಹೊಳೆ ನೀರಿನಲ್ಲಿ 0.4 ಮಿಲಿಗ್ರಾಂ ಇದ್ದರೆ ಒಂದು ಪಾಲು ಬೋರ್, ಐದು ಪಾಲು ಹೊಳೆ. ಟಾಕಿಯಲ್ಲಿ ಸರಿಯಾಗಿ 1ಕ್ಕೆ ಬರುತ್ತದೆ. ಯಾವ ಪುಡಿಯೂ ಬೇಡ. ಮಳೆ ನೀರಿನಲ್ಲಂತೂ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರ್ ಮಾಳಿಗೆ ಮೇಲೆ ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದು ಹತ್ತರಲ್ಲಿ ಎಂಟು ಪಾಲು ಸಿಕ್ಕರೂ 22,000 ಲೀಟರ್. ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 7,300. ಮೊದಲ ಮಳೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು, ಕುಡಿಯುವ ಮುಂಚೆ ಕುದಿಸಿದರೆ ಸಾಕು.

ನಿಮ್ಮ ಮನೆಯಲ್ಲಿ ಈಗಾಗಲೇ ಫಿಲ್ಟರ್ ಇದ್ದರೆ ಎರಡು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಒಂದರಲ್ಲಿ ಫಿಲ್ಟರಿಗೆ ಹೋಗುವ ನೀರು, ಇನ್ನೊಂದರಲ್ಲಿ ಹೊರಗೆ ಬರುವ ನೀರು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ತಗಲುತ್ತದೆ. ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಎರಡು ಸಲ ಗಲಬರಿಸಿ ತುಂಬಿ. ಮೇಲೆ ಬೋರಿನ ಜಾಗ, ತಾರೀಖು, ಫಿಲ್ಟರ್ ಹರಳು ಹಾಕಿದ ತಿಂಗಳು ಬರೆಯಿರಿ. ಪಿಎಚ್ ಮತ್ತು ಕ್ಷಾರತೆ (ಮುಖ್ಯವಾಗಿ ಬೈಕಾರ್ಬೊನೇಟ್‌ನ ಅಳತೆ) ಕೂಡ ನೋಡಿ ಎಂದು ಪ್ರಯೋಗಾಲಯದವರಿಗೆ ಹೇಳಿ. ಆಗಾಗ ಹೀಗೆ ಮಾಡುತ್ತಿದ್ದರೆ ನಿಮ್ಮ ಫಿಲ್ಟರ್ ನಿಮ್ಮ ನೀರಿನಲ್ಲಿ ಎಷ್ಟು ದಿನ ಬರುತ್ತದೆ ಎಂದು ಗೊತ್ತಾಗುತ್ತದೆ.