ಹಿಮ್ಮಡಿಯಿಂದ ನೆತ್ತಿಯವರೆಗೆ

ಹಳ್ಳಿಯ ಶಾಲೆಯೊಂದರಲ್ಲಿ ಮಕ್ಕಳ ಎತ್ತರ ಅಳೆಯುತ್ತಿದ್ದಾರೆ ಎಂದುಕೊಳ್ಳಿ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ನೆತ್ತಿಯ ಮೇಲೆ ಹಲಗೆಯಿಟ್ಟು ಗುರುತು ಹಾಕುತ್ತಾರೆ. ಒಂಬತ್ತರ ಹುಡುಗಿ ಏಳರವಳಷ್ಟೇ ಇದ್ದಾಳೆ. ತೂಕವಾದರೆ ಮೊನ್ನೆಯ ಜ್ವರವನ್ನೋ ಕಳೆದ ತಿಂಗಳ ಅರೆಹೊಟ್ಟೆಯನ್ನೋ ಹೇಳುತ್ತದೆ. ಎತ್ತರದ ನೆನಪು ಇನ್ನೂ ಹಳೆಯದು. ತಾಯಿ ಬಸುರಿಯಾಗಿದ್ದಾಗ ಉಂಡದ್ದು, ಮೊದಲ ಎರಡು ವರ್ಷಗಳಲ್ಲಿ ಮಗುವಿಗೆ ಸಿಕ್ಕದ್ದು, ಪದೇ ಪದೇ ಕಾಡಿದ ಭೇದಿ ಎಲ್ಲವೂ ಅದರಲ್ಲಿವೆ.

ಮೂಳೆಯ ಜೊತೆಗೆ ಮಿದುಳೂ ಬೆಳೆಯುತ್ತಿರುತ್ತದೆ, ಅದಕ್ಕೆ ಹಸಿವು ಜಾಸ್ತಿ. ದೊಡ್ಡವರ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಮಿದುಳಿನ ಪಾಲು. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಅದು ಶೇ. 40ನ್ನೂ ದಾಟುತ್ತದೆ. ಹೊಟ್ಟೆ ತುಂಬಿದರಷ್ಟೇ ಸಾಲದು. ನರತಂತುಗಳ ಮೇಲಿನ ಕೊಬ್ಬಿನ ಹೊದಿಕೆ ಸರಿಯಾಗಿ ಬೆಳೆಯಲು ಕಬ್ಬಿಣಾಂಶ ಬೇಕು. ಬರಿಗಾಲಿನ ಚರ್ಮ ಕೊರೆದು ಒಳಸೇರುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವಾಗ ಈ ಕಬ್ಬಿಣವೂ ಸೋರಿಹೋಗುತ್ತದೆ. ಆ ಹುಡುಗಿಯ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿ, ಕೆಂಪಾಗಿರಬೇಕಾದ ಒಳಭಾಗ ಬಿಳಚಿಕೊಂಡಿದೆ. ಮಧ್ಯಾಹ್ನಕ್ಕೆ ಮುಂಚೆಯೇ ತೂಕಡಿಸುವ ಇಂಥವರಿಗೆ ನಾವು ಎಷ್ಟು ಸಲೀಸಾಗಿ ‘ದಡ್ಡಿ’ ಎಂದುಬಿಡುತ್ತೇವೆ!

ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನ್ ಇದ್ದ ಗಂಜಿ, ಉಳಿದೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ಮೊದಲ ಎರಡು ವರ್ಷಗಳಲ್ಲಿ ಆ ಗಂಜಿ ಸಿಕ್ಕಿದ್ದ ಗಂಡುಮಕ್ಕಳು ದೊಡ್ಡವರಾದಾಗ ಅವರ ಗಂಟೆಯ ಗಳಿಕೆ ಶೇ. 46ರಷ್ಟು ಹೆಚ್ಚಿತ್ತು. ಮೂರು ದಾಟಿದ ಮೇಲೆ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ.

ಹಾಗಾದರೆ ಎಲ್ಲವೂ ಊಟವೇ? ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ (ಅದು ಹಳ್ಳಿಯಲ್ಲ, ಬಡವರ ಬಡಾವಣೆಗಳು) ವಯಸ್ಸಿಗೆ ತಕ್ಕಷ್ಟು ಎತ್ತರವಿರದ 129 ಎಳೆಯ ಮಕ್ಕಳಲ್ಲಿ ಕೆಲವರಿಗೆ ಹಾಲಿನ ಪುಡಿ ಕೊಟ್ಟರು. ಇನ್ನು ಕೆಲವರ ಮನೆಗೆ ವಾರಕ್ಕೊಂದು ಗಂಟೆ ಕಾರ್ಯಕರ್ತೆ ಹೋಗಿ, ಮಗುವಿನ ಜೊತೆ ಆಡುವುದನ್ನೂ ಮಾತಾಡುವುದನ್ನೂ ತಾಯಿಗೆ ತೋರಿಸಿಕೊಟ್ಟಳು. ಎರಡು ದಶಕ ಕಳೆದಾಗ ಆಟದ ಗುಂಪಿನವರ ಸಂಪಾದನೆ ಶೇ. 25ರಷ್ಟು ಮುಂದಿತ್ತು. ಹಾಲಿನ ಪುಡಿ ಮಾತ್ರ ಸಿಕ್ಕವರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ.

ಊಟ ಮುಖ್ಯವೋ ಮನೆ ಮುಖ್ಯವೋ ಎಂಬ ಚರ್ಚೆ ನನಗೆ ರುಚಿಸುವುದಿಲ್ಲ. ತುತ್ತು ಇಡುವ ಕೈಯೂ ಕಥೆ ಹೇಳುವ ಬಾಯಿಯೂ ಒಬ್ಬಳದೇ. ಆಕೆ ನಸುಕಿಗೇ ನೀರು ಹೊತ್ತು, ಕೂಲಿಗೆ ಹೋಗಿ, ಕತ್ತಲಾದ ಮೇಲೆ ಒಲೆ ಹೊತ್ತಿಸುವವಳಾದರೆ ಎರಡಕ್ಕೂ ಪುರುಸೊತ್ತಿಲ್ಲ. ಆಗ ಅವಳ ಕೆಲಸ ಹಿರಿಮಗಳ ಹೆಗಲಿಗೆ ಬೀಳುತ್ತದೆ.

ಅಳತೆ ಮುಗಿಸಿದ ಹುಡುಗಿ ಮನೆಗೆ ಬಂದು, ಚೀಲ ಇಳಿಸುವ ಮೊದಲೇ ತಮ್ಮನನ್ನು ಸೊಂಟಕ್ಕೇರಿಸಿಕೊಳ್ಳುತ್ತಾಳೆ. ಅವನಿಗೆ ಈಗ ಹದಿನಾಲ್ಕು ತಿಂಗಳು.