ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ

ಪ್ರಶ್ನೆ: ನನ್ನದು 125 ಸಿಸಿ ಬೈಕ್. ನಾವಿಬ್ಬರು ಬೆಂಗಳೂರಿಂದ ಹೊರಟು ಚಾರ್ಮಾಡಿ ಇಳಿದು, ಆಗುಂಬೆ ಹತ್ತಿ ವಾಪಸ್ ಬರಬೇಕು ಅಂತಿದ್ದೇವೆ. ಎರಡು ದಿನ ಸಾಕಾ? ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತಲ್ವಾ?

125 ಸಿಸಿ ಧಾರಾಳ ಸಾಕು. ಮಲೆನಾಡಿನವರು 100 ಸಿಸಿ ಗಾಡಿಯಲ್ಲೇ ಇಬ್ಬಿಬ್ಬರು ಕೂತು ಘಾಟಿ ಏರಿಳಿಯುತ್ತಾರೆ. ಎರಡು ದಿನ ಮಾತ್ರ ಸಾಲದು, ಮೂರು ಇಟ್ಟುಕೊಳ್ಳಿ. ಮೊದಲ ದಿನ ಹಾಸನ, ಬೇಲೂರು ದಾಟಿ ಮೂಡಿಗೆರೆಯಲ್ಲಿ ಉಳಿಯಿರಿ. ಎರಡನೇ ದಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಿರಿ. ಉಜಿರೆ, ಕಾರ್ಕಳ, ಹೆಬ್ರಿ ಮೇಲೆ ಸೋಮೇಶ್ವರಕ್ಕೆ ಬಂದು, ಹೊತ್ತು ಮುಳುಗುವ ಮುಂಚೆ ಆಗುಂಬೆ ಹತ್ತಿ. ಮೂರನೇ ದಿನ ತೀರ್ಥಹಳ್ಳಿ, ಶಿವಮೊಗ್ಗ ಮೇಲೆ ಊರಿಗೆ. ಮಳೆಗಾಲ ಬೇಡ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು.

ಇನ್ನು ನ್ಯೂಟ್ರಲ್. ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಜೀವದ ವಿಷಯ, ಮತ್ತೆ ಹೇಳುತ್ತೇನೆ.

ಪೆಟ್ರೋಲ್ ಉಳಿಯುವುದಿಲ್ಲ. 2020ರಲ್ಲಿ ಬಿಎಸ್-6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕ್‌ಗಳಲ್ಲಿ ಕಾರ್ಬುರೇಟರ್ ಹೋಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಬಿಡುವ ಫ್ಯೂಯಲ್ ಇಂಜೆಕ್ಷನ್ ಬಂತು. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಅದು ಗೊತ್ತಾಗಿ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರಿಹೋಗದಂತೆ ಮತ್ತೆ ಪೆಟ್ರೋಲ್ ಬಿಡಲೇಬೇಕು. ಅಂದರೆ ಉಳಿಸೋಕೆ ಹೋಗಿ ಖರ್ಚು ಮಾಡುತ್ತಿದ್ದೀರಿ! ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಚೂರುಪಾರು ಉಳಿಯಬಹುದು, ಇಡೀ ಘಾಟಿಗೆ ಒಂದು ಟೀ ದುಡ್ಡಿನಷ್ಟು.

ಕಳೆದುಕೊಳ್ಳುವುದೇನು ನೋಡಿ. ಗಾಡಿ, ನೀವಿಬ್ಬರು, ಬ್ಯಾಗು ಎಲ್ಲ ಸೇರಿ ಸುಮಾರು 250 ಕಿಲೋ. ಚಾರ್ಮಾಡಿಯಲ್ಲಿ 500 ಮೀಟರಿಗೂ ಜಾಸ್ತಿ ಎತ್ತರ ಇಳಿಯುತ್ತೀರಿ. 500 ಮೀಟರಿಗೇ ಲೆಕ್ಕ ಹಾಕಿದರೂ ಆ ಶಕ್ತಿ ಮೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗೇರ್‌ನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಅಷ್ಟೂ ಬಿಸಿ ಬ್ರೇಕಿನ ಮೇಲೆ. ಮೊದಲು ಲೈನರ್ ಸುಟ್ಟ ವಾಸನೆ. ಡ್ರಮ್ ಬ್ರೇಕ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಡಿಸ್ಕ್ ಆದರೆ ಬ್ರೇಕ್ ಆಯಿಲ್ ಕುದ್ದು ಲಿವರ್ ಮೆತ್ತಗಾಗುತ್ತದೆ, ಕೊನೆಗೆ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಎದುರಿಗೆ ತಿರುವು. ಕೆಲವರಂತೂ ಕೀ ಆಫ್ ಮಾಡಿಯೇ ಇಳಿಯುತ್ತಾರೆ. ಆ ಮಂಜಿನಲ್ಲಿ ಲೈಟೂ ಇಲ್ಲ, ಹಾರ್ನೂ ಇಲ್ಲ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಅದೂ ಇಲ್ಲ.

ಹತ್ತುವ ಗೇರಿನಲ್ಲೇ ಇಳಿಯಿರಿ. ಎರಡು ಅಥವಾ ಮೂರು. ಕ್ಲಚ್ ಹಿಡಿದುಕೊಂಡೇ ಇರಬೇಡಿ, ಅದೂ ನ್ಯೂಟ್ರಲ್ಲೇ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ವೇಗ ತಗ್ಗಿದ ಮೇಲೆ ಬಿಟ್ಟುಬಿಡಿ. ಚಾರ್ಮಾಡಿ ಘಾಟಿಯಲ್ಲಿರುವ ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಹೇಗೂ ನಿಲ್ಲಿಸುತ್ತೀರಿ, ಆಗ ಡಿಸ್ಕ್ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ. ದೂರದಿಂದಲೇ ಝಳ ಹೊಡೆದರೆ ಹತ್ತು ನಿಮಿಷ ಕೂತು ಹೊರಡಿ.

ನೀವು ಕೇಳಲಿಲ್ಲ, ಆದರೂ ಇನ್ನೊಂದು. ಕಿರಿದಾದ ಘಾಟಿ ರಸ್ತೆಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು? ಇಳಿಯುವವರು, ಹತ್ತುವವರಿಗೆ. ಇದು ನಿಯಮ. ಆಗುಂಬೆಯ 14 ತಿರುವುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹತ್ತುವ ಬಸ್ಸು ತಿರುವು ತೆಗೆದುಕೊಳ್ಳಲು ಇಡೀ ರಸ್ತೆ ಬಳಸುತ್ತದೆ. ನಡುವೆ ನಿಂತರೆ ಆ ಏರಿನಲ್ಲಿ ಮತ್ತೆ ಎತ್ತುವುದು ಡ್ರೈವರ್‌ಗೆ ಪ್ರಯಾಸ. ನೀವು ಇಳಿಯುತ್ತಿದ್ದರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಲ್ಲಿಸಿ, ಬಸ್ಸಿನ ಹಿಂಭಾಗವೂ ಪೂರ್ತಿ ದಾಟಿದ ಮೇಲೆ ಹೊರಡಿ. ಹಿಂದೆಯೇ ಇನ್ನೊಂದು ಗಾಡಿ ಬರುತ್ತಿರಬಹುದು, ಅದನ್ನೂ ನೋಡಿಕೊಳ್ಳಿ.