ಎಂ-1ರಲ್ಲಿ ಎಡವುವವರು ಮತ್ತು ‘ಸ್ಲೋ ಲರ್ನರ್’ ಪಟ್ಟಿ

ಹಿಂದಿನ ಪಾಠದ ಕೊರತೆ ತುಂಬುವ ಬ್ರಿಡ್ಜ್ ಕೋರ್ಸ್, ಹೊಸಬರಿಗೆ ಕಾಲೇಜು ಪರಿಚಯಿಸುವ ಇಂಡಕ್ಷನ್, ಬೆನ್ನಿಗೆ ನಿಲ್ಲುವ ಮೆಂಟರ್, ಹಿಂದೆ ಬಿದ್ದವರಿಗೆ ರೆಮಿಡಿಯಲ್ ಕ್ಲಾಸ್. ಎಂಜಿನಿಯರಿಂಗ್ ಸೇರಿದವರು ನಡುವೆ ಕೈಬಿಡದಿರಲೆಂದು ಇಷ್ಟೆಲ್ಲ ಇದ್ದರೂ ಮೊದಲ ವರ್ಷದ ಗಣಿತ, ಅಂದರೆ ಎಂ-1, ಹಲವರ ಕೈಗೆ ಹತ್ತುತ್ತಿಲ್ಲ. ಇದು ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾಸನಕ್ಕೆ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂದದ್ದು 1960ರಲ್ಲಿ, ಚಿಕ್ಕಮಗಳೂರಿಗೆ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರಲ್ಲಿ. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಹಳ್ಳಿ ಮಕ್ಕಳಿಗೆ ಸೀಟು ಕೊಟ್ಟಿತು. ಸೀಟು ಸಿಕ್ಕ ಮೇಲಿನ ಪಾಡು ಅವರದ್ದೇ. 1998ರಲ್ಲಿ ಈ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂತು. ಅದರ 2002ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯ ಮತ್ತು ಅಂಕಗಳ ಕ್ರಮದಲ್ಲಿ, ಕಾಲೇಜೇ ನಡೆಸುವ ಟೆಸ್ಟ್‌ಗಳ ಇಂಟರ್ನಲ್ಸ್‌ಗೆ 25, ವಿಶ್ವವಿದ್ಯಾಲಯದ ಪರೀಕ್ಷೆಗೆ 100 ಅಂಕ. ಟೆಸ್ಟ್ ಕೆಟ್ಟರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪೆಟ್ಟು ಗೊತ್ತಾಗುತ್ತಿದ್ದುದು ಫಲಿತಾಂಶದ ದಿನ. ನಾಲ್ಕಕ್ಕಿಂತ ಹೆಚ್ಚು ವಿಷಯ ಉಳಿದರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗುವಂತಿಲ್ಲ.

2022ರ ಸ್ಕೀಮ್‌ನಲ್ಲಿ ಇದು ಇಂಟರ್ನಲ್ಸ್‌ಗೆ 50, ಪರೀಕ್ಷೆಗೆ 50 ಆಯಿತು. ಇಂಟರ್ನಲ್ಸ್‌ನಲ್ಲಿ 20 ಬಾರದಿದ್ದರೆ ಪರೀಕ್ಷೆ ಬರೆಯುವಂತೆಯೇ ಇಲ್ಲ. ಎಚ್ಚರಿಕೆ ಗಂಟೆ ಬೇಗ ಬಾರಿಸುತ್ತದೆ, ಒಳ್ಳೆಯದೇ. ತೊಡಕಿರುವುದು ಆಮೇಲೆ ಮಾಡುವ ಕೆಲಸದಲ್ಲಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ 2017ರ ಪರಿಷ್ಕೃತ ಮಾನದಂಡಗಳು ‘ಸ್ಲೋ ಲರ್ನರ್‌’ಗಳಿಗೆ, ಅಂದರೆ ನಿಧಾನವಾಗಿ ಕಲಿಯುವವರಿಗೆ, ಏನು ಮಾಡಿದ್ದೀರಿ ಎಂದು ಕೇಳತೊಡಗಿದ ಮೇಲೆ ಇದಕ್ಕೊಂದು ಫೈಲು ಹುಟ್ಟಿತು. ಮೊದಲ ಟೆಸ್ಟ್ ಮುಗಿಯುತ್ತಿದ್ದಂತೆ ಕಡಿಮೆ ಅಂಕದವರ ಪಟ್ಟಿ ನೋಟಿಸ್ ಬೋರ್ಡಿಗೆ. ಸಂಜೆ ನಾಲ್ಕೂವರೆಗೆ ರೆಮಿಡಿಯಲ್ ಕ್ಲಾಸ್, ಅದೇ ಮೇಷ್ಟ್ರು, ಅದೇ ಪಾಠ, ಕೊನೆಗೆ ಸಹಿ. ಅರಕಲಗೂಡು, ಆಲೂರು ಕಡೆಗೋ ಆಲ್ದೂರು, ಮೂಡಿಗೆರೆ ಕಡೆಗೋ ಪಾಸ್ ಇಟ್ಟುಕೊಂಡು ಓಡಾಡುವವರಿಗೆ ಅದು ಬಸ್ಸಿನ ಹೊತ್ತು. ಉಳಿದವರಿಗೆ ಪಟ್ಟಿಯಲ್ಲಿ ಹೆಸರು ಬಂದ ನಾಚಿಕೆ.

ಪಟ್ಟಿ ಅಂಕವನ್ನು ಹೇಳುತ್ತದೆ, ತಪ್ಪನ್ನು ಹೇಳುವುದಿಲ್ಲ. ಸೈನ್ 3 ಎಕ್ಸ್‌ನ ವರ್ಗದ ಡೆರಿವೇಟಿವ್ ಕೇಳಿದರೆ ಎಷ್ಟೋ ಮಂದಿ 2 ಸೈನ್ 3 ಎಕ್ಸ್, ಕಾಸ್ 3 ಎಕ್ಸ್ ಎಂದು ಬರೆದು ನಿಲ್ಲಿಸುತ್ತಾರೆ. ಒಳಗಿನ 3 ಎಕ್ಸ್‌ನಿಂದ ಬರಬೇಕಾದ 3 ಬಿಟ್ಟುಹೋಯಿತು. 2 ಇರುವಲ್ಲಿ 6 ಇರಬೇಕಿತ್ತು. ಡೆರಿವೇಟಿವ್‌ಗಳನ್ನು ಒಂದರ ಮೇಲೊಂದು ತೆಗೆದು ಕಟ್ಟುವ ಮ್ಯಾಕ್ಲಾರಿನ್ ಸರಣಿಗೆ ಬಂದಾಗ ಈ ಒಂದು ತಪ್ಪು ಮುಂದಿನ ಪದಗಳನ್ನೆಲ್ಲ ಕೆಡಿಸುತ್ತದೆ. ಆ ಹುಡುಗನಿಗೆ ಬೇಕಿರುವುದು ಸರಣಿಯ ಪಾಠವಲ್ಲ, ಒಳಗಿನದನ್ನೂ ಡಿಫರೆನ್ಷಿಯೇಟ್ ಮಾಡಿ ಗುಣಿಸುವ ಚೈನ್ ರೂಲ್‌ನ 20 ಲೆಕ್ಕ. 

ಅಮೆರಿಕದ ಕ್ಯಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶುರುವಾದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ (ಪೂರಕ ಬೋಧನೆ) ಈ ಪಟ್ಟಿಯ ಕ್ರಮವನ್ನೇ ತಿರುವಿ ಹಾಕಿತು. ಅಲ್ಲಿ ಗುರುತಿಸುವುದು ದಡ್ಡ ವಿದ್ಯಾರ್ಥಿಯನ್ನಲ್ಲ, ಕಷ್ಟದ ವಿಷಯವನ್ನು. ಅದನ್ನು ಚೆನ್ನಾಗಿ ಪಾಸಾದ ಸೀನಿಯರ್ ಒಬ್ಬರು ಮತ್ತೆ ಅದೇ ತರಗತಿಯಲ್ಲಿ ಕೂರುತ್ತಾರೆ, ಮೊದಲ ವಾರದಿಂದಲೇ ಬೇರೆ ಹೊತ್ತಿನಲ್ಲಿ ಗುಂಪು ನಡೆಸುತ್ತಾರೆ. ಪಾಠ ಮಾಡುವುದಿಲ್ಲ, ಲೆಕ್ಕವನ್ನು ಕೂತವರಿಂದಲೇ ಬಿಡಿಸುತ್ತಾರೆ. ಬಾಗಿಲು ಎಲ್ಲರಿಗೂ ತೆರೆದಿರುವುದರಿಂದ ಬಂದವರಿಗೆ ಹಣೆಪಟ್ಟಿ ಅಂಟುವುದಿಲ್ಲ.

ನಮ್ಮಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಇಂಡಕ್ಷನ್ ವಾರದಲ್ಲೇ ಬೀಜಗಣಿತ, ತ್ರಿಕೋನಮಿತಿ, ಡಿಫರೆನ್ಷಿಯೇಷನ್‌ನಿಂದ ಹತ್ತು ಲೆಕ್ಕ ಕೊಟ್ಟು, ಯಾರು ಎಲ್ಲಿ ತಪ್ಪಿದರೆಂದು ಬರೆದಿಟ್ಟುಕೊಂಡರೆ ಗುಂಪು ತಾನೇ ಆಗುತ್ತದೆ. ಟೈಮ್‌ಟೇಬಲ್‌ನಲ್ಲೇ ವಾರಕ್ಕೆ ಎರಡು ಪೀರಿಯಡ್ ಬೇಕು, ಮಧ್ಯಾಹ್ನದ ಊಟಕ್ಕೆ ಮುಂಚೆ.